ಯಾರ ಆಯುಷ್ಯ?

ಅಪ್ಪನ ಎಡಗಾಲಿಗೆ ಬಾಲ್ಯದಲ್ಲೇ ಪೋಲಿಯೊ. ಕ್ಲಚ್ ತುಳಿಯಬೇಕಿಲ್ಲದ ಆಟೋಮ್ಯಾಟಿಕ್ ಕಾರು ಬಂದ ಮೇಲೆಯೇ ಅವರು ಒಬ್ಬರೇ ಊರು ಸುತ್ತಿದ್ದು. ‘ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್’ ಎಂದಿದ್ದರು ಮಾರಿದವರು. ಅಡಿಟಿಪ್ಪಣಿ ಹುಡುಕುವುದು ಪಿಎಚ್.ಡಿ. ಕಲಿಸಿದ ಚಟ, ಕೈಪಿಡಿಯ ಸಣ್ಣ ಅಕ್ಷರಗಳಲ್ಲಿ ‘ಬಿಸಿಲು, ಟ್ರಾಫಿಕ್ ಹೆಚ್ಚಿದ್ದರೆ ಬದಲಿಸಿ’ ಎಂದಿತ್ತು. ನಮ್ಮ ಕಲಬುರಗಿಯಲ್ಲಿ ಬಿಸಿಲಿಗೆ ಬರವೇ?

ಮೆಕ್ಯಾನಿಕ್ ಬೋಲ್ಟ್ ಬಿಚ್ಚಿದ. ಸೋರಿದರೆ ಗುರುತು ಸಿಗಲೆಂದು ಕೆಂಪು ಬಣ್ಣ ಬೆರೆಸಿದ್ದ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆಯೊಂದಿಗೆ ಇಳಿಯಿತು. ‘ಎಲ್ಲಾ ಬರಲ್ರಿ, ಅರ್ಧ ಟಾರ್ಕ್ ಕನ್ವರ್ಟರ್‌ನಾಗೇ ಉಳೀತದ. ಹೊಸಾದು ಹಾಕಿ ಓಡಸ್ರಿ, ಮತ್ತೊಮ್ಮೆ ಇಳಸೋಣ್ರಿ’ ಎಂದ.

ಎಂಜಿನ್ನಿನ ಬಲ ಚಕ್ರಕ್ಕೆ ದಾಟುವುದು ಈ ಎಣ್ಣೆಯ ಮೂಲಕ. ಅದು ಕೈಕೊಟ್ಟರೆ ಅಪ್ಪ ಮತ್ತೆ ಯಾರಾದರೂ ಕರೆದೊಯ್ಯಲಿ ಎಂದು ಕಾಯಬೇಕು. ಲೈಫ್‌ಟೈಮ್ ಎಂದರೆ ಗೇರ್‌ಬಾಕ್ಸಿನ ಆಯುಷ್ಯವಿರಬಹುದು. ನಮಗೆ ಬೇಕಾದದ್ದು ಅಪ್ಪನ ಓಡಾಟದ ಆಯುಷ್ಯ.