ಒಗೆಯುವ ಯಂತ್ರವೂ ಸ್ಯಾದ್ವಾದವೂ

ತತ್ತ್ವವಿಚಾರವು ಬಸದಿಯ ಸ್ವಾಧ್ಯಾಯಕ್ಕೆ ಮೀಸಲಾದುದು, ಅಂಗಡಿ-ಮನೆಗಳ ವ್ಯವಹಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆದರೆ ಶ್ರಾವಕನು ಮುನಿಯಲ್ಲ. ಅವನು ಕೊಳ್ಳುವವನು, ಮಾರುವವನು, ಉಳಿಸುವವನು, ವೆಚ್ಚ ಮಾಡುವವನು. ಅವನ ಅಣುವ್ರತಗಳು ಪರೀಕ್ಷೆಗೊಳಗಾಗುವುದು ಕೊಡು-ಕೊಳ್ಳುವ ಕ್ಷಣದಲ್ಲಿಯೇ. ಆದುದರಿಂದ ಈ ಪತ್ರಿಕೆಯ ಪುಟಗಳಲ್ಲಿ ವಾಷಿಂಗ್ ಮಷಿನ್ ಕುರಿತು ಬರೆಯಹೊರಟರೆ ಧರ್ಮಬಂಧುಗಳು ಅನ್ಯಥಾ ಭಾವಿಸಲಾರರೆಂದು ನಂಬಿದ್ದೇನೆ.

ಕಳೆದ ಒಂದು ವರ್ಷದಲ್ಲಿ ಮೂರು ಕುಟುಂಬದವರು ನನ್ನಲ್ಲಿ ಒಂದೇ ಪ್ರಶ್ನೆಯನ್ನು ಕೇಳಿದರು. ಮಾರುಕಟ್ಟೆಗೆ ಹೊಸದಾಗಿ ಬಂದಿರುವ ಒಂದು ಕಂಪನಿಯ ಯಂತ್ರವು ಪರಿಚಿತ ಕಂಪನಿಗಳ ಯಂತ್ರಕ್ಕಿಂತ ಬಹಳ ಅಗ್ಗವಾಗಿದೆ, ಕೊಳ್ಳಬಹುದೇ? ಪೂರ್ಣ ಸ್ವಯಂಚಾಲಿತ ಯಂತ್ರಕ್ಕೆ ಪರಿಚಿತ ಹೆಸರಿನವರು ೧೭,೦೦೦ ರೂಪಾಯಿ ಕೇಳಿದರೆ, ಹೊಸಬರದು ೧೩,೦೦೦ ರೂಪಾಯಿ. ಕೇಳಿದವರಲ್ಲಿ ಒಬ್ಬರು ಶಿಗ್ಗಾಂವಿಯ ನಮ್ಮ ಬೀಗರು, ಇನ್ನೊಬ್ಬರು ಸವಣೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಶಿಕ್ಷಕ ದಂಪತಿ, ಮತ್ತೊಬ್ಬಳು ಹಿರೇಕೆರೂರಿಗೆ ಕೊಟ್ಟಿರುವ ನನ್ನ ತಂಗಿ. ಹಾನಗಲ್ಲಿನ ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವನಿಗೆ ಬಟ್ಟೆ ಒಗೆಯುವ ಯಂತ್ರದ ಅರಿವೂ ಇರಬಹುದೆಂದು ಅವರು ಎಣಿಸಿರಬೇಕು.

ಇಂಥ ಪ್ರಶ್ನೆಗೆ ಲೋಕದಲ್ಲಿ ಎರಡು ಸಿದ್ಧ ಉತ್ತರಗಳಿವೆ. ‘ಹೆಸರಿಲ್ಲದ ಕಂಪನಿ, ಬೇಡ’ ಎಂಬುದು ಒಂದು. ‘ಎಲ್ಲ ಯಂತ್ರವೂ ಒಂದೇ, ಅಗ್ಗವಾದುದನ್ನು ಕೊಳ್ಳಿರಿ’ ಎಂಬುದು ಮತ್ತೊಂದು. ಎರಡೂ ಏಕಾಂತವಾದಗಳೇ. ಮೊದಲನೆಯದನ್ನು ಇತಿಹಾಸವೇ ಅಲ್ಲಗಳೆಯುತ್ತದೆ. ಇಂದು ಮನೆಮಾತಾಗಿರುವ ಎಲ್‌ಜಿ ೧೯೯೭ರಲ್ಲಿ ಭಾರತದಲ್ಲಿ ಕಂಪನಿ ಸ್ಥಾಪಿಸಿದಾಗ ನಮ್ಮ ಭಾಗದವರಿಗೆ ಅಪರಿಚಿತ ಹೆಸರಾಗಿತ್ತು. ಚೀನಾದ ಹೈಯರ್ ೨೦೦೪ರಲ್ಲಿ ಬಂದಿತು. ಟಾಟಾ ಸಮೂಹದ ವೋಲ್ಟಾಸ್ ತುರ್ಕಿಯ ಸಂಸ್ಥೆಯೊಂದಿಗೆ ೨೦೧೭ರಲ್ಲಿ ಕೈಜೋಡಿಸಿದ ಮೇಲೆಯೇ ವೋಲ್ಟಾಸ್ ಬೆಕೊ ಎಂಬ ಹೆಸರು ಹುಟ್ಟಿತು. ಹೊಸದಾಗಿರುವುದು ದೋಷವಾದರೆ ಇವರೆಲ್ಲರೂ ಒಂದು ಕಾಲಕ್ಕೆ ದೋಷಿಗಳೇ. ಹಾಗೆಯೇ ಹಳೆಯ ಹೆಸರು ಶಾಶ್ವತವೂ ಅಲ್ಲ. ೧೯೯೦ರ ದಶಕದಲ್ಲಿ ಊರೂರಿನ ಗೋಡೆಗಳ ಮೇಲೆ ರಾರಾಜಿಸಿದ ವೀಡಿಯೊಕಾನ್ ೨೦೧೮ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಪರ್ಯಾಯವು ಕ್ಷಣಿಕವೆಂಬುದಕ್ಕೆ ವ್ಯಾಪಾರ ಲೋಕಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕೇ?

ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ಚತುಷ್ಟಯದ ಅಪೇಕ್ಷೆಯಿಂದ ನೋಡಬೇಕೆಂದು ನಮ್ಮ ಆಚಾರ್ಯರು ಬೋಧಿಸಿದ್ದಾರೆ. ಈ ನಾಲ್ಕರಲ್ಲಿ ‘ಹೆಸರು’ ಎಂಬುದಿಲ್ಲವೆಂಬುದನ್ನು ಗಮನಿಸಬೇಕು. ನಾನು ಮೂರು ಮನೆಗಳ ಪ್ರಶ್ನೆಯನ್ನೂ ಈ ನಾಲ್ಕರ ಒರೆಗೆ ಹಚ್ಚಿ ನೋಡಿದೆ.

ಮೊದಲು ದ್ರವ್ಯ. ಬಟ್ಟೆ ವ್ಯಾಪಾರಿಯು ಥಾನಿನ ಅಂಚಿನ ಮುದ್ರೆಯನ್ನು ನೋಡಿ ಸುಮ್ಮನಾಗುವುದಿಲ್ಲ. ಬೆರಳಿನಲ್ಲಿ ಹಿಡಿದು ಹಾಸು-ಹೊಕ್ಕನ್ನು ಪರೀಕ್ಷಿಸುತ್ತಾನೆ. ಯಂತ್ರದಲ್ಲಿಯೂ ಹಾಸು-ಹೊಕ್ಕುಗಳಿವೆ. ಒಳಗಿನ ಡ್ರಮ್ಮು ಸ್ಟೇನ್‌ಲೆಸ್ ಸ್ಟೀಲಿನದೇ, ಪ್ಲಾಸ್ಟಿಕ್ಕಿನದೇ? ಮೋಟಾರಿನ ಸುರುಳಿ ತಾಮ್ರದ್ದೇ, ಅಲ್ಯುಮಿನಿಯಮ್ಮಿನದೇ? ತಯಾರಿಸಿದವರು ಯಾರು? ಈ ಕೊನೆಯ ಪ್ರಶ್ನೆಯ ಉತ್ತರ ಅನೇಕರಿಗೆ ಅಚ್ಚರಿ ತರುತ್ತದೆ. ಡಿಕ್ಸನ್ ಟೆಕ್ನಾಲಜೀಸ್ ಎಂಬ ಸಂಸ್ಥೆಯು ಡೆಹ್ರಾಡೂನ್ ಮತ್ತು ತಿರುಪತಿಗಳಲ್ಲಿರುವ ತನ್ನ ಕಾರ್ಖಾನೆಗಳಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುವ ವಾಷಿಂಗ್ ಮಷಿನ್‌ಗಳನ್ನು ತಯಾರಿಸಿ ಕೊಡುತ್ತದೆ. ಹೆಸರು ಹಲವು, ಹುಟ್ಟಿದ ಮನೆ ಒಂದು! ಪೊಟ್ಟಣದ ಮೇಲೆ ತಯಾರಕರ ಹೆಸರು-ವಿಳಾಸ ಇರಬೇಕೆಂದು ೨೦೧೧ರ ತೂಕ ಮತ್ತು ಅಳತೆಯ ನಿಯಮಗಳು ವಿಧಿಸುತ್ತವೆ. ಅದನ್ನು ಓದುವ ವ್ಯವಧಾನ ಮಾತ್ರ ನಮಗೆ ಬೇಕು. ನಾವು ವಿಚಾರಿಸುತ್ತಿದ್ದ ಹೊಸ ಯಂತ್ರವು ದ್ರವ್ಯದ ದೃಷ್ಟಿಯಿಂದ ಕಡಿಮೆಯದೆಂದು ಹೇಳಲು ನನಗೆ ಕಾರಣ ಸಿಗಲಿಲ್ಲ.

ಎರಡನೆಯದು ಕ್ಷೇತ್ರ. ಬೆಂಗಳೂರಿನಲ್ಲಿ ಒಳ್ಳೆಯದಾದ ಯಂತ್ರವು ಹಿರೇಕೆರೂರಿನಲ್ಲಿಯೂ ಒಳ್ಳೆಯದಾಗಲೇಬೇಕೆಂಬ ನಿಯಮವಿಲ್ಲ. ನಮ್ಮ ಮನೆಗಳ ನೀರಿನ ತೊಟ್ಟಿಗಳು ಬಹಳ ಎತ್ತರದಲ್ಲಿರುವುದಿಲ್ಲ. ಮುಂಬಾಗಿಲಿನ ಅನೇಕ ಯಂತ್ರಗಳು ಕನಿಷ್ಠ ೦.೩ ಬಾರ್ ಒತ್ತಡವನ್ನು ಬೇಡುತ್ತವೆ. ಅದಕ್ಕೆ ತೊಟ್ಟಿಯ ನೀರು ಯಂತ್ರಕ್ಕಿಂತ ಸುಮಾರು ೩ ಮೀಟರ್ ಮೇಲಿರಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನಿನ ಪುಡಿ ಹೆಚ್ಚು ಬೇಕಾಗುತ್ತದೆ. ನೀರು ಕಾಯಿಸುವ ಕಾಯಿಲ್‌ಗೆ ಸುಣ್ಣದ ಪದರು ಕಟ್ಟುತ್ತದೆ. ಹಾನಗಲ್ಲು, ಹಿರೇಕೆರೂರುಗಳ ಅರೆಮಲೆನಾಡಿನ ಸೆರಗಿನಲ್ಲಿ ಮಳೆಗಾಲದ ದಿನಗಳಲ್ಲಿ ಬಟ್ಟೆ ಒಣಗುವುದೇ ಕಷ್ಟವಾದ್ದರಿಂದ ನೀರನ್ನು ಹಿಂಡಿ ತೆಗೆಯುವ ಶಕ್ತಿಗೆ ಇಲ್ಲಿ ಹೆಚ್ಚಿನ ಬೆಲೆಯುಂಟು. ಇವೆಲ್ಲಕ್ಕಿಂತ ಮುಖ್ಯವಾದುದು, ಯಂತ್ರ ನಿಂತ ದಿನ ಬಾಗಿಲಿಗೆ ಬರುವವರು ಯಾರು ಎಂಬುದು. ಶಿಗ್ಗಾಂವಿಯು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ಹುಬ್ಬಳ್ಳಿಯಿಂದ ಹೊರಟ ಮೆಕ್ಯಾನಿಕ್ ಅದೇ ದಿನ ಬಂದು ಹೋಗಬಲ್ಲನು. ಹಿರೇಕೆರೂರು ಜಿಲ್ಲೆಯ ಇನ್ನೊಂದು ತುದಿ.

ಮೂರನೆಯದು ಕಾಲ. ‘ಮೋಟಾರಿಗೆ ಹತ್ತು ವರ್ಷ ಗ್ಯಾರಂಟಿ’ ಎಂಬ ಫಲಕವನ್ನು ಎಲ್ಲ ಅಂಗಡಿಗಳಲ್ಲಿಯೂ ಕಾಣುತ್ತೇವೆ. ಆದರೆ ಮೋಟಾರಿಗಿಂತ ಮೊದಲು ತೊಂದರೆ ಕೊಡಬಹುದಾದವು ಎಲೆಕ್ಟ್ರಾನಿಕ್ ಬೋರ್ಡು, ನೀರು ಹೊರಹಾಕುವ ಪಂಪು, ನೀರು ಒಳಬಿಡುವ ವಾಲ್ವು, ಬೇರಿಂಗುಗಳು. ಇವಕ್ಕೆ ಎಷ್ಟು ವರ್ಷ? ವಾಣಿಜ್ಯ ಪದವಿಗಾಗಿ ಓದಿದ ಸವಕಳಿಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ೧೭,೦೦೦ ರೂಪಾಯಿಯ ಯಂತ್ರ ೮ ವರ್ಷ ನಡೆದರೆ ವರ್ಷಕ್ಕೆ ೨,೧೨೫ ರೂಪಾಯಿ ಸವೆದಂತೆ. ೧೩,೦೦೦ ರೂಪಾಯಿಯದೂ ೮ ವರ್ಷ ನಡೆದರೆ ವರ್ಷಕ್ಕೆ ೧,೬೨೫ ರೂಪಾಯಿ ಮಾತ್ರ, ನಿಸ್ಸಂದೇಹವಾಗಿ ಲಾಭ. ಆದರೆ ೫ ವರ್ಷಕ್ಕೇ ಅದು ಮೂಲೆ ಸೇರಿದರೆ ವರ್ಷಕ್ಕೆ ೨,೬೦೦ ರೂಪಾಯಿಯಾಯಿತು. ಎರಡೂ ಸರಿಸಮವಾಗಬೇಕಾದರೆ ಹೊಸ ಯಂತ್ರವು ೬ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬಾಳಬೇಕು. ಆದ್ದರಿಂದ ನಿಜವಾದ ಪ್ರಶ್ನೆಯು ‘ಬೆಲೆ ಎಷ್ಟು’ ಎಂಬುದಲ್ಲ, ‘ಆರನೆಯ ವರ್ಷದಲ್ಲಿ ಇದರ ಬಿಡಿಭಾಗ ಸಿಕ್ಕೀತೇ’ ಎಂಬುದು.

ಇದನ್ನು ಮೊದಲೇ ತಿಳಿಯುವ ಉಪಾಯವುಂಟು. ಹಣ ಕೊಡುವ ಮುನ್ನವೇ ಪೊಟ್ಟಣದ ಮೇಲಿನ ಗ್ರಾಹಕ ಸೇವೆಯ ಸಂಖ್ಯೆಗೆ ಫೋನು ಮಾಡಿ, ನಮ್ಮ ಊರಿನ ಪಿನ್‌ಕೋಡ್ ಹೇಳಿ, ‘ಇಲ್ಲಿಗೆ ಬರುವವರು ಯಾರು? ಬೋರ್ಡಿನ ಬೆಲೆ ಎಷ್ಟು? ತರಿಸಲು ಎಷ್ಟು ದಿನ?’ ಎಂದು ಕೇಳಬೇಕು. ನನ್ನ ಸೋದರಳಿಯ ಹಾಗೆಯೇ ಕೇಳಿದ. ಶಿಗ್ಗಾಂವಿಯ ಪಿನ್‌ಕೋಡಿಗೆ ಹುಬ್ಬಳ್ಳಿಯ ಕೇಂದ್ರದ ವಿಳಾಸ ಕೂಡಲೇ ದೊರೆಯಿತು. ಹಿರೇಕೆರೂರಿನದಕ್ಕೆ ಎರಡು ಸಲವೂ ‘ತಿಳಿಸುತ್ತೇವೆ’ ಎಂಬ ಉತ್ತರ, ತಿಳಿಸಿದವರಿಲ್ಲ. ನನ್ನ ತಂಗಿ ಒಂದೇ ಮಾತಿನಲ್ಲಿ ವಿಷಯವನ್ನು ಇತ್ಯರ್ಥ ಮಾಡಿದಳು: “ಅಣ್ಣಾ, ನಾಲ್ಕು ಸಾವಿರ ಅಂದ್ರ ಸಣ್ಣ ಮಾತಲ್ಲ ಖರೆ. ಆದ್ರ ಕೆಟ್ಟು ನಿಂತ ದಿನ ನಾ ಯಾರನ್ನ ಕರೀಲಿ?”

ಹೀಗಾಗಿ ಒಂದೇ ಯಂತ್ರದ ಬಗ್ಗೆ ನಾನು ಮೂರು ಉತ್ತರ ಕೊಟ್ಟೆ. ಶಿಗ್ಗಾಂವಿಯ ಬೀಗರಿಗೆ ‘ಕೊಳ್ಳಬಹುದು’ ಎಂದೆ. ಹಿರೇಕೆರೂರಿನ ತಂಗಿಗೆ ‘ಬೇಡ, ರಾಣೇಬೆನ್ನೂರಿನಿಂದ ಮೆಕ್ಯಾನಿಕ್ ಬರುವ ಕಂಪನಿಯದನ್ನೇ ಕೊಳ್ಳು’ ಎಂದೆ. ಮೂರು ವರ್ಷಗಳಲ್ಲಿ ವರ್ಗಾವಣೆ ನಿರೀಕ್ಷಿಸುತ್ತಿರುವ ಸವಣೂರಿನ ದಂಪತಿಗೆ ‘ಅದೇ ಹೊಸ ಕಂಪನಿಯ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಸಾಕು’ ಎಂದೆ. ಅದರ ಬೆಲ್ಟು, ಟೈಮರುಗಳನ್ನು ಊರಿನ ಮೋಟಾರು ರಿಪೇರಿಯವನೇ ಬದಲಿಸಬಲ್ಲನು. ಇದನ್ನು ಕೇಳಿದ ಮಿತ್ರರೊಬ್ಬರು, “ಸ್ಯಾದ್ವಾದಿಗಳ ಹಣೆಬರಹವೇ ಇಷ್ಟು, ಒಂದು ಮಾತಿಗೆ ನಿಲ್ಲುವುದಿಲ್ಲ” ಎಂದು ನಕ್ಕರು. ಅವರು ‘ಸ್ಯಾತ್’ ಎಂಬುದಕ್ಕೆ ‘ಇರಬಹುದೇನೋ’ ಎಂದು ಅರ್ಥ ಮಾಡಿಕೊಂಡಿದ್ದರು. ‘ಸ್ಯಾತ್’ ಸಂಶಯವಲ್ಲ, ‘ಒಂದು ಅಪೇಕ್ಷೆಯಿಂದ’ ಎಂದು ಅದರ ಅರ್ಥ. ಆ ಅಪೇಕ್ಷೆಯಲ್ಲಿ ಮಾತು ನಿಶ್ಚಿತವೇ. ಶಿಗ್ಗಾಂವಿಯ ಅಪೇಕ್ಷೆಯಿಂದ ಯಂತ್ರ ಯೋಗ್ಯವೇ ಹೌದು; ಹಿರೇಕೆರೂರಿನ ಅಪೇಕ್ಷೆಯಿಂದ ಯೋಗ್ಯವಲ್ಲವೇ ಅಲ್ಲ. ಎರಡರಲ್ಲಿಯೂ ನನಗೆ ತೊದಲಿಕೆ ಇಲ್ಲ.

ನಾಲ್ಕನೆಯದಾದ ಭಾವವು ಯಂತ್ರಕ್ಕಿಂತ ಹೆಚ್ಚಾಗಿ ಕೊಳ್ಳುವವರಿಗೆ ಸಂಬಂಧಿಸಿದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದ್ದಾರೆ. ಅದರ ಅತಿಚಾರಗಳಲ್ಲಿ ವಿಸ್ಮಯವನ್ನೂ ಎಣಿಸಿದ್ದಾರೆ. ಪರರ ಮನೆಯ ವಸ್ತುವನ್ನು ಕಂಡು ಬೆರಗಾಗುವುದನ್ನೇ ಬಂಡವಾಳ ಮಾಡಿಕೊಂಡಿದೆ ಇಂದಿನ ಜಾಹೀರಾತು. ಶಿಗ್ಗಾಂವಿ ತಾಲ್ಲೂಕಿನ ನಮ್ಮ ಬಂಕಾಪುರದಲ್ಲಿಯೇ ಗಂಗ ದೊರೆ ಮಾರಸಿಂಹನು ೯೭೪ರಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದನು. ಅಷ್ಟು ದೊಡ್ಡ ತ್ಯಾಗ ನಮ್ಮಿಂದಾಗದು. ಆದರೆ ‘ಅವರಲ್ಲಿದೆ, ನಮ್ಮಲ್ಲಿಲ್ಲ’ ಎಂಬ ಕಾರಣಕ್ಕೆ ಒಂದು ಯಂತ್ರವನ್ನು ಕೊಳ್ಳದಿರುವಷ್ಟು ತ್ಯಾಗವಾದರೂ ಆ ನೆಲದವರಿಗೆ ಸಾಧ್ಯವಾಗಬೇಕು.

ತಂಗಿಯ ಮನೆಯಲ್ಲಿ ಪ್ರಶ್ನೆ ಬೆರಗಿನದಾಗಿರಲಿಲ್ಲ. ಏಳು ಜನರ ಕುಟುಂಬ, ಹೊಲದಿಂದ ಬಂದ ಕೆಸರು ಬಟ್ಟೆ, ಮೊಣಕಾಲು ಬಾತು ಕೂರಲಾಗದ ಆಕೆ. ಬಟ್ಟೆ ಒಗೆಯಲು ಬರುತ್ತಿದ್ದ ಹೆಣ್ಣುಮಗಳು ವಾರಕ್ಕೆ ನಾಲ್ಕು ದಿನ ಮಾತ್ರ ಬರುತ್ತಿದ್ದಳು. ಉಳಿದ ದಿನಗಳ ಹೊರೆ ತಂಗಿಯ ಮೇಲೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು, ಅನ್ನಪಾನನಿರೋಧವೂ ಒಂದು. ಎತ್ತಿನ ಮೇಲೆ ಹೇರುವ ಭಾರದ ಬಗ್ಗೆ ನಾವು ವ್ರತವನ್ನು ನೆನೆಯುತ್ತೇವೆ. ಮನೆಯ ಹೆಂಗಸರ ಬೆನ್ನಿನ ಮೇಲಿನ ಭಾರಕ್ಕೆ ಅದನ್ನು ಅನ್ವಯಿಸುವುದು ಅಪರೂಪ. ಯಂತ್ರ ತರದಿದ್ದರೆ ಮೊದಲನೆಯ ಅತಿಚಾರದ ನೆರಳು. ಯಂತ್ರ ತಂದು ಆ ಹೆಣ್ಣುಮಗಳನ್ನು ಬಿಡಿಸಿದರೆ ಎರಡನೆಯದರ ನೆರಳು. ಒಂದರ ಪರಿಹಾರಕ್ಕಾಗಿ ಇನ್ನೊಂದನ್ನು ಹೊರುವುದು ಧರ್ಮವಲ್ಲ. ಯಂತ್ರ ಬಂದಿತು; ಆ ಹೆಣ್ಣುಮಗಳು ಅದೇ ಸಂಬಳಕ್ಕೆ ಬಟ್ಟೆ ಒಣಗಿಸುವ, ಮಡಿಚುವ, ಧಾನ್ಯ ಹಸನು ಮಾಡುವ ಕೆಲಸಕ್ಕೆ ಉಳಿದಳು. ಯಂತ್ರದ ಬೆಲೆಯಲ್ಲಿ ಈ ಸಂಬಳವನ್ನೂ ಸೇರಿಸಿ ಲೆಕ್ಕ ಹಾಕಲು ಆಗದವರು ಕೊಳ್ಳುವ ಮುನ್ನ ಇನ್ನೊಮ್ಮೆ ಯೋಚಿಸಬೇಕೆಂದು ನನ್ನ ಅಭಿಪ್ರಾಯ.

ಕೊಂಡ ಮೇಲೆಯೂ ವಿವೇಕ ಮುಗಿಯುವುದಿಲ್ಲ. ನಲ್ಲಿಯ ಬುಡದ ಜಾಲರಿಯು ಮರಳನ್ನು ತಡೆಯುತ್ತದೆಯೇ ಹೊರತು ಜಲಗಾಲನದ ಅರಿವೆಗೆ ಸಮವಲ್ಲ. ಬಟ್ಟೆ ತುಂಬುವಷ್ಟು ಕೂಡಿದ ಮೇಲೆಯೇ ಯಂತ್ರ ನಡೆಸಿದರೆ ನೀರೂ ವಿದ್ಯುತ್ತೂ ಉಳಿಯುತ್ತವೆ, ಅನರ್ಥದಂಡವೂ ತಪ್ಪುತ್ತದೆ. ಒಗೆದ ಬಟ್ಟೆಯನ್ನು ರಾತ್ರಿಯೆಲ್ಲ ಒಳಗೇ ಬಿಡಬಾರದು. ಕೆಲಸ ಮುಗಿದೊಡನೆ ಮುಚ್ಚಳ ತೆರೆದಿಟ್ಟು, ರಬ್ಬರಿನ ಅಂಚನ್ನು ಒರೆಸಬೇಕು. ಬೂಷ್ಟು ಬೆಳೆಯಲು ಬಿಟ್ಟು ಆಮೇಲೆ ಬಿಸಿನೀರು, ಔಷಧಿ ಹಾಕಿ ತೊಳೆಯುವುದಕ್ಕಿಂತ ಜೀವೋತ್ಪತ್ತಿಗೆ ಅವಕಾಶ ಕೊಡದಿರುವುದೇ ಯತ್ನಾಚಾರ.

ಕೊನೆಯದಾಗಿ ಸಲಹೆ ಕೊಡುವವರಿಗೂ ಮಾರುವವರಿಗೂ ಒಂದು ಮಾತು. ಹೊಸ ಯಂತ್ರವನ್ನು ಮಾರುತ್ತಿದ್ದ ಅಂಗಡಿಯವರು ನನಗೆ ಪರಿಚಿತರು. “ಬಸದಿಯಲ್ಲಿ ನೀವು ಒಂದು ಮಾತು ಹೇಳಿದರೆ ಹತ್ತು ಮನೆಯವರು ಕೊಳ್ಳುತ್ತಾರೆ, ಯಂತ್ರಕ್ಕೆ ಇಷ್ಟೆಂದು ನಿಮಗೆ ಸಲ್ಲಿಸುತ್ತೇವೆ” ಎಂದು ವಿನಯದಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲಿಗೆ ಹೇಳುವುದು ಮಿಥ್ಯೋಪದೇಶವನ್ನು. ಹಿರೇಕೆರೂರಿಗೆ ಸಲ್ಲದ್ದನ್ನು ಶಿಗ್ಗಾಂವಿಗೆ ಸಲ್ಲುತ್ತದೆಂಬ ಬಲದ ಮೇಲೆ ‘ಎಲ್ಲರಿಗೂ ಒಳ್ಳೆಯದು’ ಎಂದರೆ, ಅದರಲ್ಲಿ ಒಂದು ಸುಳ್ಳು ಶಬ್ದವೂ ಇಲ್ಲದಿರಬಹುದು. ಆದರೂ ಅದು ಮಿಥ್ಯೋಪದೇಶವೇ ಎಂದು ನನ್ನ ತಿಳಿವಳಿಕೆ. ಮಾರುವವನು ‘ಸೇವೆ ನಿಮ್ಮೂರಿಗೆ ಇನ್ನೂ ಬಂದಿಲ್ಲ’ ಎಂದು ಹೇಳಿ ಮಾರಲಿ. ಕೊಳ್ಳುವವನು ಬಿಲ್ಲು, ಗ್ಯಾರಂಟಿ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಲು ಅವನಿಗೆ ಅಧಿಕಾರವಿದೆ.

ಹೊಸ ಕಂಪನಿಯನ್ನು ಹೊಸದೆಂದು ತಳ್ಳಬಾರದು, ಅಗ್ಗವೆಂದು ಅಪ್ಪಲೂ ಬಾರದು. ಯಾವುದರಿಂದ ಮಾಡಿದೆ, ಯಾವ ಊರಿಗೆ, ಎಷ್ಟು ಕಾಲಕ್ಕೆ, ಯಾವ ಉದ್ದೇಶಕ್ಕೆ ಎಂಬ ನಾಲ್ಕನ್ನು ಕೇಳಿ ಉತ್ತರ ಪಡೆದ ಮೇಲೆ ಹೆಸರನ್ನು ಓದಿದರೆ ಸಾಕು. ಹೀಗೆ ಕೊಂಡವನು ವಂಚಿತನಾಗುವ ಸಂಭವ ಕಡಿಮೆ. ಹೀಗೆ ಸಲಹೆ ಕೊಟ್ಟವನು ಇನ್ನೊಬ್ಬರನ್ನು ವಂಚಿಸಲಾರನು.