ಲಂಕೆಗೊಂದು ಅಂದಾಜು ಪಟ್ಟಿ

ವಿದೇಶ ಪ್ರವಾಸವೆಂದರೆ ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ಬಸ್ಸು ಹತ್ತಿಸಿ, ತಲೆ ಎಣಿಸಿ, ‘ಇಳೀರಿ, ಇಲ್ಲಿ ಹತ್ತೇ ನಿಮಿಷ’ ಎಂದು ಅವಸರಪಡಿಸುವ ಪ್ಯಾಕೇಜ್ ಟೂರ್ ಎಂದೇ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಶಾಲಾ ಪ್ರವಾಸಗಳಲ್ಲಿ ಇಪ್ಪತ್ತೇಳು ವರ್ಷ ಮಕ್ಕಳ ತಲೆ ಎಣಿಸಿದವನು ನಾನು. ಇನ್ನು ನನ್ನ ತಲೆಯನ್ನು ಮತ್ತೊಬ್ಬರು ಎಣಿಸುವುದು ಬೇಡ ಎನಿಸಿತು. ಹೋಗುವುದಾದರೆ ನಾವಿಬ್ಬರೇ ಹೋಗಬೇಕು, ಗಾಡಿ ನಾನೇ ಹೊಡೆಯಬೇಕು, ಬೇಕಾದಲ್ಲಿ ನಿಲ್ಲಿಸಬೇಕು. ಇದು ನನ್ನ ಆಸೆ.

ಹಾವೇರಿಯಲ್ಲಿ ಮನೆ, ಬ್ಯಾಡಗಿ ತಾಲ್ಲೂಕಿನಲ್ಲಿ ಶಾಲೆ, ರಾಣೆಬೆನ್ನೂರಿನಲ್ಲಿ ಹೆಂಡತಿಯ ತವರು. ಈ ತ್ರಿಕೋನದೊಳಗೇ ನನ್ನ ಕಾರಿನ ಆಯುಷ್ಯವೆಲ್ಲ ಕಳೆದಿದೆ. ಮೋಟೆಬೆನ್ನೂರಿನ ಬಳಿ ಹೆದ್ದಾರಿ ಬಿಟ್ಟು ಬ್ಯಾಡಗಿಯತ್ತ ಹೊರಳಿದರೆ, ಸೋಮವಾರ, ಗುರುವಾರ ಮೆಣಸಿನಕಾಯಿ ಲಾರಿಗಳ ಸಾಲು. ಆ ಸಾಲಿನಲ್ಲಿ ಸೀನುತ್ತ ಗಾಡಿ ನಡೆಸಿದವನಿಗೆ ಪರದೇಶದ ರಸ್ತೆ ಏನು ಮಹಾ ಎಂಬ ಧೈರ್ಯವೂ ಇತ್ತೆನ್ನಿ. ಆದರೆ ಶಾಲೆಯಲ್ಲಿ ಸುದ್ದಿ ಹೇಳಿದಾಗ ಸಹೋದ್ಯೋಗಿಯೊಬ್ಬರು, ‘ಅಲ್ರೀ ಸರ, ರೊಕ್ಕಾ ಕೊಟ್ಟು ಪರದೇಶಕ್ಕ ಹೋಗಿ ಅಲ್ಲೂ ನೀವ ಗಾಡಿ ಹೊಡಿಯೂದಾ? ಡ್ರೈವರ್ ಸಿಗೂದಿಲ್ಲೇನ್ರಿ?’ ಎಂದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕುವುದೇ ಈ ಯೋಜನೆಯ ಅರ್ಧ ಕೆಲಸವಾಯಿತು.

ಮೊದಲ ಪ್ರಶ್ನೆ, ಯಾವ ದೇಶ? ಇದಕ್ಕೆ ನಾನು ಹಾಕಿಕೊಂಡ ನಿಯಮ ಒಂದೇ: ರಸ್ತೆಯ ಎಡಬದಿಯಲ್ಲಿ ವಾಹನ ಓಡುವ ದೇಶವಾಗಿರಬೇಕು. ಮೂವತ್ತು ವರ್ಷ ಎಡಕ್ಕೇ ಒಗ್ಗಿದ ಕೈಕಾಲುಗಳಿಗೆ ಐವತ್ತು ದಾಟಿದ ಮೇಲೆ ಬಲಬದಿಯ ಪಾಠ ಹೇಳಿಕೊಡುವುದು ಕಷ್ಟ. ಈ ಜರಡಿ ಹಿಡಿದರೆ ದುಬೈ, ಮಸ್ಕತ್ ಉದುರುತ್ತವೆ. ನೇಪಾಳ, ಭೂತಾನ, ಥಾಯ್ಲೆಂಡ್, ಮಲೇಷ್ಯಾ, ಶ್ರೀಲಂಕಾ ಉಳಿಯುತ್ತವೆ. ನೇಪಾಳಕ್ಕೆ ನಮ್ಮದೇ ಕಾರು ಒಯ್ಯಬಹುದು, ಆದರೆ ಗಡಿ ಮುಟ್ಟುವಷ್ಟರಲ್ಲಿ ರಜೆಯೂ ಸೊಂಟವೂ ಮುಗಿದಿರುತ್ತವೆ. ಹೀಗೆ ಕಳೆಯುತ್ತ ಬಂದಾಗ ನನ್ನಾಕೆ, ‘ಸೀತಾಮಾತಿ ಕುಂತಿದ್ದ ಅಶೋಕವನ ಲಂಕಾದಾಗ ಐತಂತಲ್ರೀ, ಅಲ್ಲಿಗೇ ಹೋಗೂಣು’ ಎಂದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಆಕೆ ತಾನಾಗಿ ಇಂಥ ಕಡೆ ಹೋಗೋಣ ಎಂದದ್ದು ಇದೇ ಮೊದಲು. ಅಲ್ಲಿಗೆ ಚರ್ಚೆ ಮುಗಿಯಿತು.

ಶ್ರೀಲಂಕಾದ ವಿಸ್ತೀರ್ಣ ಸುಮಾರು 65,600 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲು. ನಾಗಪಟ್ಟಣದಿಂದ ಕಾಂಕೇಸಂತುರೈಗೆ 2023ರಲ್ಲಿ ಹಡಗು ಸಂಚಾರ ಆರಂಭವಾಯಿತಾದರೂ ಅದು ಜನರಿಗೆ ಮಾತ್ರ, ಕಾರಿಗಲ್ಲ. ಆದ್ದರಿಂದ ಬೆಂಗಳೂರಿನಿಂದ ವಿಮಾನ, ಅಲ್ಲಿ ಬಾಡಿಗೆ ಕಾರು ಎಂದಾಯಿತು.

ಇನ್ನು ಕಾಗದಪತ್ರ. ಮಾಸ್ತರರಿಗೆ ಮೊದಲು ಬೇಕಾದದ್ದು ಇಲಾಖೆಯ ಅನುಮತಿ. ಪಾಸ್‌ಪೋರ್ಟಿಗೆ ಹುಬ್ಬಳ್ಳಿಗೆ ಹೋಗಿಬಂದೆವು; ಸಾಮಾನ್ಯ ಶುಲ್ಕ ತಲಾ 1,500 ರೂಪಾಯಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಸಿಗುವುದು ನಮ್ಮ ಆರ್‌ಟಿಓ ಕಚೇರಿಯಲ್ಲಿಯೇ. ನಮೂನೆ 4ಎ ತುಂಬಿ, 1,000 ರೂಪಾಯಿ ಕಟ್ಟಬೇಕು; ಅವಧಿ ಒಂದು ವರ್ಷ. 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವ ಪುಸ್ತಿಕೆ ಅದು. ಆದರೆ ಲಂಕೆಯಲ್ಲಿ ಅದೊಂದೇ ಸಾಲದು. ಅಲ್ಲಿಯವರ ಅನುಮೋದನೆ ಅಥವಾ ತಾತ್ಕಾಲಿಕ ಪರವಾನಗಿಯೂ ಬೇಕು. ಇದಕ್ಕಾಗಿ 2025ರ ಆಗಸ್ಟ್‌ನಲ್ಲಿ ಕಟುನಾಯಕೆ ವಿಮಾನ ನಿಲ್ದಾಣದಲ್ಲೇ ಕೌಂಟರ್ ತೆರೆದಿದ್ದಾರೆ. ಈ ಕಾಗದವಿಲ್ಲದೆ ಸ್ಟೀಯರಿಂಗ್ ಹಿಡಿದರೆ ಪೊಲೀಸರ ದಂಡವಷ್ಟೇ ಅಲ್ಲ, ಅಪಘಾತವಾದರೆ ವಿಮೆಯೂ ಕೈಕೊಡುತ್ತದೆ. ದೇಶದ ಪ್ರವೇಶಕ್ಕೆ ಇಟಿಎ ಎಂಬ ಅನುಮತಿಯನ್ನು ಮುಂಚಿತವಾಗಿ ಅಂತರ್ಜಾಲದಲ್ಲಿ ಪಡೆಯಬಹುದು. ಅದರ ಶುಲ್ಕ ಬದಲಾಗುತ್ತಿರುತ್ತದೆ, ಸರ್ಕಾರಿ ತಾಣದಲ್ಲಿಯೇ ನೋಡಿಕೊಳ್ಳುವುದು ಲೇಸು.

ಆಮೇಲೆ ಕಾಲ. ಲಂಕೆಗೆ ಎರಡು ಮುಂಗಾರು. ಮೇನಿಂದ ಸೆಪ್ಟೆಂಬರ್ ತನಕ ನೈಋತ್ಯ ಮಾರುತ ಕೊಲಂಬೊ ಕಡೆಯನ್ನು ತೋಯಿಸಿದರೆ, ಡಿಸೆಂಬರ್ ಸುತ್ತಮುತ್ತ ಈಶಾನ್ಯ ಮಾರುತ ಇನ್ನೊಂದು ಮಗ್ಗುಲನ್ನು ತೋಯಿಸುತ್ತದೆ. ನಡುವಿನ ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲ ಕಡೆ ಮಳೆ. ನಮ್ಮ ದಸರಾ ರಜೆ ಅದರಲ್ಲೇ ಸಿಕ್ಕಿಬೀಳುತ್ತದೆ. ಉಳಿದದ್ದು ಬೇಸಿಗೆ ರಜೆ. ಏಪ್ರಿಲ್ ಮಧ್ಯದಲ್ಲಿ ಅಲ್ಲಿ ಸಿಂಹಳ-ತಮಿಳು ಹೊಸವರ್ಷ. ಆಗ ಅಂಗಡಿ ಬಂದ್, ಗುಡ್ಡದೂರುಗಳಲ್ಲಿ ಜನಜಾತ್ರೆ. ಹಾಗಾಗಿ ಏಪ್ರಿಲ್ ಕೊನೆಯ ವಾರವೆಂದು ಗೊತ್ತುಮಾಡಿದೆವು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಅದಕ್ಕೇ ಚಾಲನೆಯೆಲ್ಲ ಬೆಳಗಿನ ಹೊತ್ತಿನಲ್ಲೇ.

ಬೆಂಗಳೂರಿನಲ್ಲಿರುವ ಅಳಿಯ ಒಂದು ಪಟ್ಟಿ ಕಳಿಸಿದ. ಏಳು ದಿನಕ್ಕೆ ಹನ್ನೊಂದು ಊರು! ‘ಮಾವಾರ, ಎಲ್ಲಾ ನೂರು-ನೂರೈವತ್ತು ಕಿಲೋಮೀಟರ್ ಅಷ್ಟೇರಿ’ ಎಂದು ಫೋನಿನಲ್ಲಿ ಸಮಾಧಾನ ಹೇಳಿದ. ಇಲ್ಲೇ ಲೆಕ್ಕ ಬೇರೆಯಾಗುವುದು. ಹಾವೇರಿಯಿಂದ ರಾಣೆಬೆನ್ನೂರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಅರ್ಧ ತಾಸಿನ ಹಾದಿ. ಕ್ಯಾಂಡಿಯಿಂದ ನುವರ ಎಲಿಯಕ್ಕೆ ಅದರ ಎರಡೂವರೆ ಪಟ್ಟು ದೂರವಿದ್ದರೂ ಹಿಡಿಯುವ ಹೊತ್ತು ಐದಾರು ಪಟ್ಟು. ರಸ್ತೆ ತಿರುವುಮುರುವು, ಊರೊಳಗೆ ಗಂಟೆಗೆ 50, ಹೊರಗೆ 70ರ ಮಿತಿ, ಮುಂದೆ ಒಂದು ಬಸ್ಸು. ಆದ್ದರಿಂದ ನಾವು ದೂರವನ್ನು ಕಿಲೋಮೀಟರಿನಲ್ಲಿ ಬರೆಯುವುದನ್ನೇ ಬಿಟ್ಟು ತಾಸಿನಲ್ಲಿ ಬರೆದೆವು. ದಿನಕ್ಕೆ ನಾಲ್ಕು ತಾಸಿಗಿಂತ ಹೆಚ್ಚು ಸ್ಟೀಯರಿಂಗ್ ಹಿಡಿಯುವಂತಿಲ್ಲ, ಸೂರ್ಯ ಮುಳುಗಿದ ಮೇಲೆ ಹಿಡಿಯಲೇಬಾರದು. ಈ ಎರಡನ್ನೂ ಮಾಡಿದವಳು ನನ್ನಾಕೆ. ‘ಗಾಡಿಗೆ ಬಾಡಿಗಿ ಕೊಟ್ಟರ ಇನ್ನೊಂದು ಸಿಗತೈತ್ರಿ, ಡ್ರೈವರ್ ಇನ್ನೊಬ್ಬಾಂವ ಇಲ್ಲ’ ಎಂದಳು. ಆಕೆಗೆ ಗಾಡಿ ಬರುವುದಿಲ್ಲ. ಪರವೂರಿನಲ್ಲಿ ನನಗೇನಾದರೂ ಆದರೆ ಭಾಷೆ ತಿಳಿಯದ ಆಕೆಯ ಗತಿಯೇನು? ಈ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಆಡದಿದ್ದರೂ ಅಂದಾಜು ಪಟ್ಟಿಯ ಪ್ರತಿ ಸಾಲಿನಲ್ಲೂ ಅದು ಕುಳಿತಿತ್ತು.

ಹನ್ನೊಂದು ಊರು ಮೂರಕ್ಕಿಳಿದವು. ವಿಮಾನ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲಿ ಹೋದಾಗ ಒಂದು ರಾತ್ರಿ, ಬರುವಾಗ ಒಂದು, ಕ್ಯಾಂಡಿಯಲ್ಲಿ ಎರಡು, ನುವರ ಎಲಿಯದಲ್ಲಿ ಎರಡು. ಒಟ್ಟು ಓಟ ನಾನೂರು ಕಿಲೋಮೀಟರ್ ಆಸುಪಾಸು, ಹಾವೇರಿಯಿಂದ ಬೆಂಗಳೂರಿಗಿಂತ ತುಸು ಹೆಚ್ಚು. ಕ್ಯಾಂಡಿ ಪಕ್ಕದ ಪೆರಾದೇನಿಯ ಸಸ್ಯೋದ್ಯಾನ ನನ್ನ ಪಾಲಿಗೆ. ನುವರ ಎಲಿಯದಿಂದ ಸ್ವಲ್ಪ ದೂರದ ಸೀತಾ ಎಲಿಯದಲ್ಲಿರುವ ಸೀತಮ್ಮನ ಗುಡಿ ಆಕೆಯ ಪಾಲಿಗೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಹಕ್ಗಲ ಸಸ್ಯೋದ್ಯಾನ. 1861ರಲ್ಲಿ ಸಿಂಕೋನಾ ಬೆಳೆಸಲೆಂದು ಆರಂಭಿಸಿದ ತೋಟವದು. ಮಲೇರಿಯಾ ಪಾಠ ಮಾಡುವಾಗ ಕ್ವಿನೈನ್ ಹೆಸರನ್ನು ಎಷ್ಟು ಸಲ ಹೇಳಿದ್ದೇನೋ! ಭಕ್ತಿಗೂ ವಿಜ್ಞಾನಕ್ಕೂ ಒಂದೇ ದಾರಿಯ ಪೆಟ್ರೋಲು ಸಾಕಾಯಿತು.

ಈಗ ದುಡ್ಡಿನ ಮಾತು. ಮಗಳ ಮದುವೆಯ ಸಾಲ ತೀರಿದ ಮೇಲೆ ಕೂಡಿಟ್ಟದ್ದು ಒಂದೂವರೆ ಲಕ್ಷ, ಅದೇ ಮಿತಿ. ವಿಮಾನ ಮತ್ತು ಬೆಂಗಳೂರಿನ ಓಡಾಟಕ್ಕೆ 45,000. ಕಾರು, ಅದರ ವಿಮೆ, ಪೆಟ್ರೋಲಿಗೆ 35,000. ಆರು ರಾತ್ರಿಯ ಕೋಣೆಗೆ 18,000. ಊಟ ಮತ್ತು ಪ್ರವೇಶ ಟಿಕೆಟ್ಟಿಗೆ 15,000. ಪ್ರಯಾಣ ವಿಮೆ, ಪರವಾನಗಿ ಇತ್ಯಾದಿಗೆ 7,000. ಇದಿಷ್ಟು ನಮ್ಮ ಅಂದಾಜು. ಉಳಿದ 30,000 ಮುಟ್ಟುವಂತಿಲ್ಲ. ಪ್ರಯೋಗಶಾಲೆಯಲ್ಲಿ ಯಾವ ಅಳತೆಯೂ ತಪ್ಪಿನ ಅಂಚಿಲ್ಲದೆ ಇರುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಮನೆಯ ಲೆಕ್ಕಕ್ಕೂ ಅಂಥ ಅಂಚು ಬೇಡವೇ? ಬ್ಯಾಡಗಿ ಪೇಟೆಯಲ್ಲಿ ತೂಕ ನೋಡುವಾಗ ಚೀಲದ ತೂಕ ಕಳೆದೇ ನೋಡುತ್ತಾರೆ. ಅಗ್ಗದ ವಿಮಾನ ಟಿಕೆಟ್ಟನ್ನೂ ಹಾಗೆಯೇ ಸಾಮಾನಿನ ಶುಲ್ಕ ಕೂಡಿಸಿ ನೋಡಬೇಕು. ಅಗ್ಗದ ಕಾರನ್ನು ಮುಂಗಡ ಠೇವಣಿ ಎಷ್ಟು, ಅಪಘಾತವಾದರೆ ನಮ್ಮ ಪಾಲು ಎಷ್ಟು ಎಂದು ಕೇಳಿಯೇ ನಂಬಬೇಕು. ಕಾರು ಪಡೆಯುವಾಗ ನಾಲ್ಕೂ ಮಗ್ಗುಲಿನ ಗೀರುಗಳ ಫೋಟೋ ತೆಗೆಯುವ ಕೆಲಸ ನನ್ನಾಕೆಗೆ ವಹಿಸಿದ್ದೇನೆ.

ಸಹೋದ್ಯೋಗಿಯ ಪ್ರಶ್ನೆಗೂ ಇಲ್ಲಿ ಉತ್ತರ ಹೇಳಿಬಿಡಬೇಕು. ಲಂಕೆಯಲ್ಲಿ ಚಾಲಕನ ಸಮೇತ ಕಾರು ತೆಗೆದುಕೊಂಡರೂ ಖರ್ಚಿನಲ್ಲಿ ಬಹಳ ವ್ಯತ್ಯಾಸವಿಲ್ಲ. ಹಾಗಾಗಿ ನಾನೇ ಹೊಡೆಯುವುದು ಉಳಿತಾಯಕ್ಕಲ್ಲ, ಹುರುಪಿಗೆ. ಹುರುಪಿಗೆ ಹಣ ಕೊಡುವಾಗ ಜೀವವನ್ನು ಒತ್ತೆಯಿಡಬಾರದು, ಅಷ್ಟೇ. ನುವರ ಎಲಿಯ ಇರುವುದು 1,868 ಮೀಟರ್ ಎತ್ತರದಲ್ಲಿ, ಕ್ಯಾಂಡಿ ಸುಮಾರು 500ರಲ್ಲಿ. ಜನ, ಸಾಮಾನು ಸೇರಿ 1,300 ಕಿಲೋ ತೂಗುವ ಕಾರು ಅಷ್ಟು ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ಐವತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅದನ್ನೆಲ್ಲ ಬ್ರೇಕೇ ನುಂಗಬೇಕೆಂದರೆ ಬ್ರೇಕ್ ಕಾದು ಕೈಬಿಡುತ್ತದೆ. ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿಗೇ ಆ ಭಾರ ಹೊರಿಸಬೇಕು. ಇದರ ತಾಲೀಮಿಗೆಂದು ಯಲ್ಲಾಪುರದಾಚೆಯ ಅರಬೈಲ್ ಘಟ್ಟವನ್ನು ಎರಡು ಭಾನುವಾರ ಹತ್ತಿ ಇಳಿದಿದ್ದೇನೆ. ತುರ್ತಿಗೆ ಅಲ್ಲಿಯ ಅಂಬುಲೆನ್ಸ್ ಸಂಖ್ಯೆ 1990. ಆ ಸೇವೆ 2016ರಲ್ಲಿ ಆರಂಭವಾದದ್ದು ನಮ್ಮ ದೇಶದ ನೆರವಿನಿಂದಲೇ. ಈ ಸಂಖ್ಯೆಯನ್ನು ನನ್ನಾಕೆ ತನ್ನ ಪರ್ಸಿನೊಳಗೆ ಕನ್ನಡ ಅಂಕಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.

ಎಲ್ಲ ಸಿದ್ಧವಾಗುವ ಹೊತ್ತಿಗೆ 2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಲಂಕೆಗೆ ಬಡಿಯಿತು. ನೂರಾರು ಜನ ಸತ್ತರು. ಕ್ಯಾಂಡಿ, ನುವರ ಎಲಿಯ, ಬದುಳ್ಳ ಕಡೆಯ ಗುಡ್ಡಗಳು ಕುಸಿದು ರಸ್ತೆ, ರೈಲುದಾರಿ ಹಾಳಾದವು. ನಾವು ಬೆರಳಿಟ್ಟು ಗುರುತು ಮಾಡಿದ್ದು ಅದೇ ರಸ್ತೆಗಳನ್ನು. ಟಿ.ವಿ.ಯಲ್ಲಿ ಮಣ್ಣಿನಡಿ ಹೂತ ಮನೆಗಳನ್ನು ನೋಡುತ್ತ ಇಬ್ಬರೂ ಬಹಳ ಹೊತ್ತು ಸುಮ್ಮನೆ ಕುಳಿತೆವು. ನಮ್ಮ ರಜೆ ಕೆಟ್ಟಿತೆಂದು ಮರುಗುವ ಹೊತ್ತಾಗಿರಲಿಲ್ಲ ಅದು.

ಹಾಗೆಂದು ಯೋಜನೆ ಕೈಬಿಟ್ಟಿಲ್ಲ. ಅದಕ್ಕೊಂದು ಷರತ್ತು ಸೇರಿಸಿದ್ದೇವೆ. ಮುಂಗಡ ರದ್ದು ಮಾಡಲು ಬರುವ ಕೋಣೆಗಳನ್ನಷ್ಟೇ ಹಿಡಿಯುವುದು. ಹೊರಡುವ ಹತ್ತು ದಿನ ಮೊದಲು ಗುಡ್ಡದ ರಸ್ತೆಯ ಸ್ಥಿತಿಯನ್ನು ಅಲ್ಲಿಯ ಹೋಟೆಲಿನವರಿಂದಲೇ ಕೇಳಿ ತಿಳಿಯುವುದು. ಸಂಶಯ ಬಂದರೆ ಬಯಲಿನಲ್ಲೇ, ಸಮುದ್ರದ ದಂಡೆಯಲ್ಲೇ ನಾಲ್ಕು ದಿನ ಇದ್ದು ಬರುವುದು. ಆಗ ಸೀತಾ ಎಲಿಯ ತಪ್ಪುತ್ತದೆಯಲ್ಲ ಎಂದು ನಾನು ಮೆಲ್ಲಗೆ ಕೇಳಿದೆ. ಆಕೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ, ‘ಆಕಿ ಅಷ್ಟು ತಿಂಗಳಾ ಕುಂತು ಕಾದಾಳ, ನಾ ಇನ್ನೊಂದು ವರ್ಷ ಕಾಯೂದಿಲ್ಲೇನ್ರಿ? ಲೈಸನ್ ಅಷ್ಟು ಮತ್ತ ಮಾಡಿಸಿಕೋರಿ’ ಎಂದಳು.