ಸಂಘದ ಪುಸ್ತಕ ಮತ್ತು ಕಪ್ಪು ಪರದೆ

ಕಂಪ್ಯೂಟರ್ ಆಫೀಸಿಗೆ ಹೋಗುವವರ ಸಾಮಾನು, ನಮಗೇಕೆ ಅದರ ಗೊಡವೆ ಎನ್ನುವ ಸೋದರಿಯರೇ, ಇದನ್ನೊಂದಿಷ್ಟು ಓದಿ.

ಚನ್ನರಾಯನದುರ್ಗದ ಬೆಟ್ಟದ ತಪ್ಪಲಿನ ನಮ್ಮ ಮಹಿಳಾ ಸಂಘದಲ್ಲಿ 18 ಮಂದಿ ಇದ್ದೇವೆ. ಉಳಿತಾಯ, ಸಾಲ, ಕಂತು ಎಲ್ಲ ಒಂದು ದಪ್ಪ ಪುಸ್ತಕದಲ್ಲಿ. ಆರು ವರ್ಷದಲ್ಲಿ ಬರೆಯುವ ಕೈ ಮೂರು ಸಲ ಬದಲಾಗಿದೆ. ಕಳೆದ ವರ್ಷ ಒಬ್ಬಾಕೆಯದು ನಾಲ್ಕು ಕಂತು ಬಾಕಿ ಎಂದು ಮಾತೆದ್ದಿತು. ಆಕೆಯನ್ನು ಲಕ್ಷ್ಮಮ್ಮ ಎನ್ನೋಣ, ನಿಜವಾದ ಹೆಸರು ಬೇಡ. ಮಗಳ ಕಾಲೇಜು ಫೀಜಿಗೆ ಕೇಳಿದ್ದ ಸಾಲಕ್ಕೆ ತಡೆ ಬಿತ್ತು. "ಕಟ್ಟಿದ್ದೀನಿ ಕಣಕ್ಕಾ, ದೇವರಾಣೆ!" ಎಂದು ಕಣ್ಣೀರು ಹಾಕಿದಳು.

ರಜೆಗೆ ಬಂದಿದ್ದ ನನ್ನ ಮಗಳು, "ನೀನು ಓದಮ್ಮ, ನಾನು ಹೊಡೀತೀನಿ" ಎಂದಳು. ವಾರದಲ್ಲಿ ಪುಸ್ತಕವೆಲ್ಲ ಎಸ್‌ಕ್ಯೂಲೈಟ್‌ಗೆ ಏರಿತು. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದ ಇದಕ್ಕೆ ಕಾಸು ಕೊಡಬೇಕಿಲ್ಲ. ಚಿತ್ರವಿಲ್ಲ, ಗುಂಡಿಯಿಲ್ಲ, ಕಪ್ಪು ಪರದೆಯಲ್ಲಿ ನಾವು ಒಂದು ಸಾಲು ಕೇಳಿದರೆ ಅದು ಉತ್ತರ ಹೇಳುತ್ತದೆ. ಕೇಳುವ ಭಾಷೆ ಎಸ್‌ಕ್ಯೂಎಲ್. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಅದನ್ನು ರೂಪಿಸಿದರು.

ಚುಕ್ಕೆಯಿಟ್ಟು 'ಟೇಬಲ್ಸ್' ಎಂದರೆ ಒಳಗೆ ಯಾವ ಯಾವ ಪಟ್ಟಿಗಳಿವೆ ಎಂದು ತೋರಿಸುತ್ತದೆ, ಅಟ್ಟದ ಡಬ್ಬಗಳ ಮೇಲಿನ ಚೀಟಿ ಓದಿದ ಹಾಗೆ. 'ಸೆಲೆಕ್ಟ್' ಎಂದರೆ ಯಾವುದು ಬೇಕು, 'ಫ್ರಂ' ಎಂದರೆ ಯಾವ ಡಬ್ಬದಿಂದ, 'ವೇರ್' ಎಂದರೆ ಎಂಥದ್ದು. ಕೊನೆಗೆ ಅರ್ಧವಿರಾಮ ಮರೆತರೆ ಉತ್ತರ ಕೊಡದೆ ಕಾಯುತ್ತ ಕೂರುತ್ತದೆ.

'ಲಕ್ಷ್ಮಮ್ಮ' ಎಂದು ಕೇಳಿದಾಗ ನಾಲ್ಕು ಕಂತು ಕಾಣಲೇ ಇಲ್ಲ. ಆಗ ಮಗಳು 'ಲೈಕ್' ಎಂಬ ಮಾತು ಸೇರಿಸಿ, 'ಲಕ್ಷ್ಮ' ಎಂದು ಬರೆದು, ಮುಂದೆ ಶೇಕಡಾ ಚಿಹ್ನೆ ಹಾಕಿದಳು. ಹಾಗೆಂದರೆ ಮುಂದೆ ಏನಿದ್ದರೂ ಸರಿ. ನಾಲ್ಕೂ ಕಂತು 'ಲಕ್ಷ್ಮೀದೇವಮ್ಮ' ಎಂಬ ಹೆಸರಲ್ಲಿ ಪ್ರತ್ಯಕ್ಷ! ಆ ಹೆಸರಿನವರು ಸಂಘದಲ್ಲಿ ಬೇರೆ ಯಾರೂ ಇಲ್ಲ. ನಮಗೆ ಇಬ್ಬರೂ ಒಬ್ಬಳೇ; ಯಂತ್ರಕ್ಕೆ ಅಕ್ಷರ ಬೇರೆಯಾದರೆ ಆಳೂ ಬೇರೆ. ಮುಂದಿನ ಸಭೆಯಲ್ಲೇ ಸಾಲ ಮಂಜೂರಾಯಿತು.

ನೀವೂ ಮಾಡುವುದಾದರೆ ಎರಡು ಮಾತು. ಪ್ರತಿ ಸದಸ್ಯೆಗೂ ಒಂದು ನಂಬರು ಕೊಡಿ, ಹೆಸರು ಹೇಗೆ ಬರೆದರೂ ಲೆಕ್ಕ ತಪ್ಪದು. 'ಸೆಲೆಕ್ಟ್' ಬರೀ ನೋಡುತ್ತದೆ, 'ಡಿಲೀಟ್' ಅಳಿಸುತ್ತದೆ. 'ವೇರ್' ಇಲ್ಲದೆ ಡಿಲೀಟ್ ಹೊಡೆದರೆ ಪಟ್ಟಿಯೇ ಬರಿದು. ಆದ್ದರಿಂದ ಹಳೆಯ ಪುಸ್ತಕ ಎಸೆಯಬೇಡಿ.

ನಮ್ಮ ರಾಜ್ಯದ ಪಹಣಿಗಳೂ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರ್ ಸೇರಿವೆ. ತವರಿನ ಜಮೀನಿನಲ್ಲಿ ನಿಮಗೂ ಪಾಲಿದ್ದರೆ, 9ನೇ ಕಾಲಮ್ಮಿನಲ್ಲಿ ನಿಮ್ಮ ಹೆಸರು ಹೇಗಿದೆ ಎಂದು ಒಮ್ಮೆ ನೋಡಿಕೊಳ್ಳಿ. ಒಂದು ಅಕ್ಷರಕ್ಕೆ ಎಷ್ಟು ಬೆಲೆಯೆಂದು ನಮ್ಮ ಲಕ್ಷ್ಮಮ್ಮನನ್ನು ಕೇಳಬೇಕು.